ಮೇಡಂ ಕ್ಯೂರಿ: ಬೆಂದ ಬೆರಳುಗಳ ಕೊಡುಗೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಊರಿನಿಂದ ಬಂದಿಳಿಯುವ ನಂಟರೆಲ್ಲರೂ ಸಮುದ್ರವನ್ನು ನೋಡಲೆಂದೇ ಬರುವವರಲ್ಲ. ಕಂಕುಳಲ್ಲಿ ಕಾಗದಪತ್ರಗಳ ಚೀಲವನ್ನೂ ಮುಖದಲ್ಲಿ ಕಳವಳವನ್ನೂ ಹೊತ್ತು, ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುವ ದಾರಿಯನ್ನು ಕೇಳುವವರೂ ಅವರಲ್ಲಿರುತ್ತಾರೆ. ಕ್ಯಾನ್ಸರ್ ಎಂಬ ಹೆಸರನ್ನು ಮನೆಯಲ್ಲಿ ಗಟ್ಟಿಯಾಗಿ ಉಚ್ಚರಿಸಲೂ ಅಂಜುವ ಈ ಬಂಧುಗಳು ಕಿರಣ ಚಿಕಿತ್ಸೆ ಆರಂಭವಾದ ಎರಡು ಮೂರು ವಾರಗಳಲ್ಲಿ ಹೊಸದೊಂದು ಭಯಕ್ಕೆ ಒಳಗಾಗುವುದುಂಟು. ಕಿರಣ ಬಿದ್ದ ಎಡೆಯಲ್ಲಿ ಚರ್ಮ ಕೆಂಪೇರುತ್ತದೆ, ಕಪ್ಪಾಗುತ್ತದೆ, ಸಿಪ್ಪೆಯೇಳುತ್ತದೆ, ಕೆಲವರಲ್ಲಿ ಒಡೆದು ನೀರೊಸರುತ್ತದೆ. ಒಂದು ರೋಗವನ್ನು ಕಳೆಯಲು ಬಂದು ಮತ್ತೊಂದನ್ನು ಕಟ್ಟಿಕೊಂಡೆವೇ ಎಂದು ಅವರು ತಲ್ಲಣಿಸುತ್ತಾರೆ. ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಊರಿಗೆ ಹಿಂತಿರುಗುವ ವಿಚಾರವೂ ಕೆಲವರ ಮನಸ್ಸಿನಲ್ಲಿ ಸುಳಿಯುತ್ತದೆ.

ಅಂಥವರಿಗೆ ಧೈರ್ಯ ಹೇಳುವಾಗಲೆಲ್ಲ ನಮಗೆ ನೆನಪಾಗುವುದು ಒಬ್ಬ ಮಹಿಳೆಯ ಕೈಬೆರಳುಗಳು. ಎರಡು ಬಾರಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ ಆ ಬೆರಳುಗಳ ತುದಿ ಒರಟಾಗಿ, ಬೆಂದು, ಸ್ಪರ್ಶಕ್ಕೆ ನೋಯುವಂತಾಗಿದ್ದವು. ಕಿರಣವು ಚರ್ಮವನ್ನು ಸುಡುತ್ತದೆಂಬ ಸಂಗತಿಯೂ, ಸುಡುವ ಆ ಶಕ್ತಿಯೇ ಕ್ಯಾನ್ಸರಿಗೆ ಮದ್ದಾಗಬಲ್ಲದೆಂಬ ಸಂಗತಿಯೂ ಲೋಕಕ್ಕೆ ತಿಳಿದುದರಲ್ಲಿ ಮೇಡಂ ಕ್ಯೂರಿ ಮತ್ತು ಅವರ ಪತಿಯ ಚರ್ಮದ ಪಾಲು ದೊಡ್ಡದು. ಅವರ ಜೀವನವೃತ್ತಾಂತವನ್ನು ವಾಚಕರು ಶಾಲೆಯ ಪಾಠಗಳಲ್ಲಿ ಓದಿರಬಹುದು. ಅದನ್ನೇ ಈ ಬೆಂದ ಬೆರಳುಗಳ ದಾರಿಯಿಂದ ಇನ್ನೊಮ್ಮೆ ನೋಡುವುದು ಇಂದಿನ ನಮ್ಮ ಉದ್ದೇಶ.

ಪರಾಧೀನ ನಾಡಿನ ಬಾಲೆ

ಮಾರಿಯಾ ಸ್ಕ್ಲೊದೋವ್ಸ್ಕಾ ಹುಟ್ಟಿದುದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗ ಆ ನಗರ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಶಾಲೆಗಳಲ್ಲಿ ಮಾತೃಭಾಷೆಗೆ ಮಾನ್ಯತೆಯಿರಲಿಲ್ಲ. ಆಳುವವರ ಭಾಷೆಯಲ್ಲಿಯೇ ಮಕ್ಕಳು ಪಾಠವನ್ನು ಒಪ್ಪಿಸಬೇಕಾಗಿತ್ತು. ತಂದೆ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರು; ತಾಯಿ ಬಾಲಿಕೆಯರ ಶಾಲೆಯೊಂದನ್ನು ನಡೆಸಿದವರು. ಐವರು ಮಕ್ಕಳಲ್ಲಿ ಮಾರಿಯಾ ಕಡೆಯವಳು. ಸೋಂಕು ರೋಗಗಳೆಂದರೆ ಏನೆಂಬುದನ್ನು ಈ ಮನೆ ಬಹು ಬೇಗ ಅರಿಯಿತು. ಹಿರಿಯಕ್ಕನನ್ನು ಟೈಫಸ್ ಜ್ವರ ಕೊಂಡೊಯ್ದಿತು. 1878ರಲ್ಲಿ ತಾಯಿ ಕ್ಷಯಕ್ಕೆ ಬಲಿಯಾದರು. ಆಗ ಮಾರಿಯಾಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ.

1883ರಲ್ಲಿ ಆಕೆ ಚಿನ್ನದ ಪದಕದೊಡನೆ ಪ್ರೌಢಶಾಲೆಯನ್ನು ಮುಗಿಸಿದಳು. ಆದರೆ ವಾರ್ಸಾ ವಿಶ್ವವಿದ್ಯಾನಿಲಯದ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಆಗ ಅಕ್ಕ ಬ್ರೋನಿಯಾಳೂ ತಂಗಿ ಮಾರಿಯಾಳೂ ತಮ್ಮೊಳಗೇ ಒಂದು ಒಪ್ಪಂದಕ್ಕೆ ಬಂದರು. ಮೊದಲು ಅಕ್ಕ ಪ್ಯಾರಿಸಿಗೆ ಹೋಗಿ ವೈದ್ಯಶಾಸ್ತ್ರವನ್ನು ಕಲಿಯುವುದು, ತಂಗಿ ದುಡಿದು ಹಣ ಕಳಿಸುವುದು. ಆಮೇಲೆ ಅಕ್ಕ ತಂಗಿಗೆ ನೆರವಾಗುವುದು. ಅದರಂತೆ ಮಾರಿಯಾ ಹಳ್ಳಿಗಾಡಿನ ಸಿರಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿ ವರ್ಷಗಟ್ಟಲೆ ಕಾದಳು. ಹಗಲು ಪರರ ಮಕ್ಕಳ ಪಾಠ. ರಾತ್ರಿ ತನ್ನ ಓದು. ದುಡಿಮೆಗಾಗಿ ಊರು ಬಿಟ್ಟು, ಒಡಹುಟ್ಟಿದವರ ವಿದ್ಯೆಗಾಗಿ ಮನಿಯಾರ್ಡರ್ ಕಳಿಸಿದ ನೆನಪುಳ್ಳ ನಮ್ಮ ಹಿರಿಯ ವಾಚಕರಿಗೆ ಈ ಒಪ್ಪಂದದ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ.

1891ರಲ್ಲಿ ಆಕೆಯ ಸರದಿ ಬಂದಿತು. ಪ್ಯಾರಿಸಿನ ಸೋರ್ಬೋನ್ ವಿದ್ಯಾಪೀಠವನ್ನು ಸೇರಿದ ಮಾರಿಯಾ ಅಲ್ಲಿ ಮಾರೀ ಆದರು. ಮಾಳಿಗೆಯ ಮೇಲಿನ ಕೊಠಡಿ, ಚಳಿಗಾಲದ ಕೊರೆತ, ಅರೆಹೊಟ್ಟೆಯ ಊಟ ಇವುಗಳ ನಡುವೆ 1893ರಲ್ಲಿ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಮೊದಲಿಗರಾಗಿಯೂ, ಮರುವರ್ಷ ಗಣಿತದಲ್ಲಿ ಎರಡನೆಯವರಾಗಿಯೂ ಉತ್ತೀರ್ಣರಾದರು. 1894ರಲ್ಲಿ ಪಿಯರ್ ಕ್ಯೂರಿಯವರ ಪರಿಚಯವಾಯಿತು. ಮಿತಭಾಷಿ, ಕೀರ್ತಿಯ ಹಂಬಲವಿಲ್ಲದವರು, ಆಗಲೇ ಹೆಸರಾಂತ ಭೌತವಿಜ್ಞಾನಿ. 1895ರ ಜುಲೈ ತಿಂಗಳಲ್ಲಿ ಇಬ್ಬರೂ ಸರಳ ರೀತಿಯಲ್ಲಿ ವಿವಾಹವಾದರು. ಎರಡು ಸೈಕಲ್ಲುಗಳ ಮೇಲೆ ಹಳ್ಳಿಗಳನ್ನು ಸುತ್ತಿ ಬಂದುದೇ ಅವರ ಮದುವೆಯ ಸಂಭ್ರಮ.

ಕೊಟ್ಟಿಗೆಯಲ್ಲಿ ಕಂಡ ಬೆಳಕು

ಅದೇ 1895ರ ಕೊನೆಗೆ ಜರ್ಮನಿಯಲ್ಲಿ ರಾಂಟ್ಜೆನ್ನರು ಕ್ಷ-ಕಿರಣಗಳನ್ನು ಕಂಡುಹಿಡಿದರು. ಮರುವರ್ಷ ಪ್ಯಾರಿಸಿನಲ್ಲಿ ಆನ್ರಿ ಬೆಕೆರೆಲ್ಲರು ಯುರೇನಿಯಂ ಲವಣಗಳು ತಮ್ಮಷ್ಟಕ್ಕೆ ತಾವೇ ಕಿರಣಗಳನ್ನು ಸೂಸುವುದನ್ನು ಕಂಡರು. ಈ ಎರಡನೆಯದನ್ನೇ ಮಾರೀ ತಮ್ಮ ಸಂಶೋಧನೆಗೆ ಆರಿಸಿಕೊಂಡರು. ಬೊಹೀಮಿಯದ ಗಣಿಗಳಿಂದ ಬರುವ ಪಿಚ್‌ಬ್ಲೆಂಡ್ ಎಂಬ ಅದಿರಿನಲ್ಲಿ, ಅದರೊಳಗಿನ ಯುರೇನಿಯಮ್ಮಿನಿಂದ ಬರಬೇಕಾದುದಕ್ಕಿಂತ ಹೆಚ್ಚು ಕಿರಣಶಕ್ತಿ ಇರುವುದನ್ನು ಅಳೆದು ಕಂಡ ಅವರು, ಲೋಕಕ್ಕೆ ತಿಳಿಯದ ಧಾತುವೊಂದು ಅಲ್ಲಿ ಅಡಗಿರಲೇಬೇಕೆಂದು ನಿಶ್ಚಯಿಸಿದರು. ಪಿಯರರೂ ತಮ್ಮ ಕೆಲಸವನ್ನು ಬದಿಗಿಟ್ಟು ಪತ್ನಿಯ ಜೊತೆಗೂಡಿದರು. 1898ರ ಜುಲೈಯಲ್ಲಿ ಒಂದು ಧಾತು ಸಿಕ್ಕಿತು. ಪರಾಧೀನವಾಗಿದ್ದ ತಾಯ್ನಾಡಿನ ನೆನಪಿಗಾಗಿ ಅದಕ್ಕೆ ಪೊಲೋನಿಯಂ ಎಂದು ಹೆಸರಿಟ್ಟರು. ಡಿಸೆಂಬರಿನಲ್ಲಿ ಇನ್ನೊಂದನ್ನು ಪ್ರಕಟಿಸಿದರು, ಅದೇ ರೇಡಿಯಂ.

ಇದೆಯೆಂದು ಹೇಳಿದರೆ ಸಾಲದು, ಕಣ್ಣಿಗೆ ಕಾಣಿಸಿ ತೂಗಿ ತೋರಿಸಬೇಕು. ಪಿಯರರು ಪಾಠ ಹೇಳುತ್ತಿದ್ದ ಶಾಲೆಯ ಅಂಗಳದಲ್ಲಿ ಸೋರುವ ಮಾಡಿನ ಕೊಟ್ಟಿಗೆಯೊಂದಿತ್ತು. ಅಲ್ಲಿ ಮಾರೀ ಟನ್ನುಗಟ್ಟಲೆ ಅದಿರಿನ ಗಸಿಯನ್ನು ಕುದಿಸಿ, ಆಳೆತ್ತರದ ಕಬ್ಬಿಣದ ಸಲಾಕೆಯಿಂದ ತಿರುವಿ, ಸೋಸಿ, ಹರಳುಗಟ್ಟಿಸಿ ನಾಲ್ಕು ವರ್ಷ ಬೆವರು ಸುರಿಸಿದರು. ಕಡೆಗೆ 1902ರಲ್ಲಿ ಕೈಗೆ ಬಂದುದು ಸುಮಾರು ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ಶುದ್ಧ ರೇಡಿಯಂ ಲವಣ. ರಾತ್ರಿಯ ಹೊತ್ತು ದಂಪತಿಗಳು ಕೊಟ್ಟಿಗೆಗೆ ಬಂದು, ಕತ್ತಲೆಯಲ್ಲಿ ನಸುನೀಲಿಯಾಗಿ ಹೊಳೆಯುವ ಗಾಜಿನ ನಳಿಗೆಗಳನ್ನು ನೋಡುತ್ತ ಕುಳಿತುಕೊಳ್ಳುತ್ತಿದ್ದರಂತೆ. ಆ ಸೌಮ್ಯವಾದ ಬೆಳಕು ತಮ್ಮ ಮೈಯೊಳಗೆ ಏನು ಮಾಡುತ್ತಿದೆಯೆಂಬುದನ್ನು ಆಗ ಅವರು ಅರಿತಿರಲಿಲ್ಲ.

ಚರ್ಮ ನುಡಿದ ಸಾಕ್ಷಿ

ಮೊದಲು ಸಾಕ್ಷಿ ನುಡಿದುದು ಚರ್ಮ. 1900ರಲ್ಲಿ ಜರ್ಮನಿಯ ಇಬ್ಬರು, ರೇಡಿಯಮ್ಮಿನಿಂದ ಚರ್ಮ ಸುಡುತ್ತದೆಂದು ವರದಿ ಮಾಡಿದರು. ಬೆಕೆರೆಲ್ಲರು ರೇಡಿಯಮ್ಮಿನ ನಳಿಗೆಯೊಂದನ್ನು ಅಂಗಿಯ ಜೇಬಿನಲ್ಲಿಟ್ಟು ಓಡಾಡಿದರು. ಕೆಲವು ದಿನಗಳಾದ ಮೇಲೆ ಜೇಬಿಗೆ ತಾಗಿದ್ದ ಮೈಭಾಗದಲ್ಲಿ ಸುಟ್ಟ ಗಾಯ ಎದ್ದಿತು. ಪಿಯರರು ಬೇಕೆಂದೇ ತಮ್ಮ ತೋಳಿನ ಮೇಲೆ ಸ್ವಲ್ಪ ರೇಡಿಯಮ್ಮನ್ನು ಹತ್ತು ಗಂಟೆಗಳ ಕಾಲ ಇರಿಸಿಕೊಂಡರು. ಚರ್ಮ ಕೆಂಪಾಯಿತು, ಆದರೆ ನೋವಿರಲಿಲ್ಲ. ದಿನಗಳು ಕಳೆದಂತೆ ಕೆಂಪು ಗಾಢವಾಯಿತು. ಇಪ್ಪತ್ತನೆಯ ದಿನ ಹಕ್ಕಳೆ ಕಟ್ಟಿ ಹುಣ್ಣಾಯಿತು. ನಲವತ್ತೆರಡನೆಯ ದಿನ ಅಂಚಿನಿಂದ ಹೊಸ ಚರ್ಮ ಮೂಡತೊಡಗಿತು. ಐವತ್ತೆರಡನೆಯ ದಿನವೂ ನಡುವೆ ಬೂದು ಬಣ್ಣದ ಗಾಯ ಉಳಿದೇ ಇತ್ತು. ಇದನ್ನೆಲ್ಲ ಪರರ ಮೈಯ ಸಂಗತಿಯೋ ಎಂಬಂತೆ ದಿನದಿನವೂ ಬರೆದಿಟ್ಟು, 1901ರಲ್ಲಿ ಬೆಕೆರೆಲ್ಲರೊಡನೆ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದರು.

ಮಾರೀಯವರ ಅನುಭವವೂ ಬೇರೆಯಲ್ಲ. ಮುಚ್ಚಿದ ಸಣ್ಣ ನಳಿಗೆಯನ್ನು ಲೋಹದ ತೆಳು ಡಬ್ಬಿಯಲ್ಲಿಟ್ಟು ಕೊಂಚ ಹೊತ್ತು ಒಯ್ದುದಕ್ಕೇ ಹದಿನೈದು ದಿನಗಳ ಮೇಲೆ ಬೊಕ್ಕೆಯೆದ್ದಿತು. ಇಬ್ಬರ ಬೆರಳ ತುದಿಗಳೂ ಗಡುಸಾಗಿ, ಸಿಪ್ಪೆಯೆದ್ದು, ತಿಂಗಳುಗಟ್ಟಲೆ ನೋಯುತ್ತಿದ್ದವು. ಮುಂದೆ ಪಿಯರರಿಗೆ ತಮ್ಮ ಉಡುಪನ್ನು ತಾವೇ ಧರಿಸುವುದೂ ಕಷ್ಟವಾಯಿತು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಬೆಂಕಿ ತಾಗಿದರೆ ಕೂಡಲೇ ಉರಿಯುತ್ತದೆ. ಕಿರಣ ತಾಗಿದರೆ ವಾರಗಳ ಮೇಲೆ ತಿಳಿಯುತ್ತದೆ. ಇದೇಕೆಂಬುದು ಇಂದು ನಮಗೆ ಗೊತ್ತಿದೆ. ನಮ್ಮ ಮೇಲ್ದೊಗಲಿನ ಬುಡದಲ್ಲಿರುವ ಜೀವಕೋಶಗಳು ಎಡೆಬಿಡದೆ ಒಡೆದು ಹೊಸ ಕೋಶಗಳನ್ನು ಹಡೆಯುತ್ತವೆ. ಅವು ಮೆಲ್ಲನೆ ಮೇಲೇರಿ, ಹಳೆಯವು ಉದುರಿ, ಸುಮಾರು ನಾಲ್ಕು ವಾರಗಳಲ್ಲಿ ಹೊರಪದರವೆಲ್ಲ ಹೊಸದಾಗುತ್ತದೆ. ಕಿರಣವು ಹೊಡೆಯುವುದು ಹೀಗೆ ಒಡೆಯುತ್ತಿರುವ ಬುಡದ ಕೋಶಗಳನ್ನು. ಮೇಲಿನ ಪದರ ಉದುರುವವರೆಗೆ ಕೆಳಗಿನ ಬರಿದು ಕಾಣಿಸದು. ಪಿಯರರ ತೋಳು 1901ರಲ್ಲಿ ತೋರಿಸಿದ ದಿನಗಳ ಲೆಕ್ಕವೇ ಇಂದು ಆಸ್ಪತ್ರೆಯಲ್ಲಿ ನಮ್ಮ ನಂಟರ ಕುತ್ತಿಗೆಯಲ್ಲಿಯೋ ಎದೆಯಲ್ಲಿಯೋ ಎರಡನೆಯ ಮೂರನೆಯ ವಾರದಲ್ಲಿ ಕಾಣಿಸಿಕೊಳ್ಳುತ್ತದೆ.

ಎಡೆಬಿಡದೆ ಒಡೆಯುವ ಕೋಶಗಳನ್ನು ಕಿರಣವು ಕೊಲ್ಲುವುದಾದರೆ, ಅಂಕೆಯಿಲ್ಲದೆ ಒಡೆಯುವ ಕ್ಯಾನ್ಸರಿನ ಕೋಶಗಳನ್ನೇಕೆ ಕೊಲ್ಲಬಾರದು? ವೈದ್ಯರು ಈ ದಾರಿಯನ್ನು ಬೇಗನೆ ಹಿಡಿದರು. ಪ್ಯಾರಿಸಿನಲ್ಲಿ ಚರ್ಮರೋಗಗಳಿಗೆ ಹೆಸರಾದ ಸೇಂಟ್ ಲೂಯಿ ಆಸ್ಪತ್ರೆಯ ವೈದ್ಯ ದಾನ್ಲೋ ಅವರಿಗೆ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಎರವಲಾಗಿ ಕೊಟ್ಟರು. ಮುಖವನ್ನು ವಿರೂಪಗೊಳಿಸುವ ಲೂಪಸ್ ಎಂಬ ಚರ್ಮವ್ಯಾಧಿಯ ಮೇಲೆ ಅವರು 1901ರಲ್ಲಿ ಅದನ್ನು ಪ್ರಯೋಗಿಸಿದರು. 1903ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಚರ್ಮದ ಕ್ಯಾನ್ಸರಿಗೂ ರೇಡಿಯಂ ಚಿಕಿತ್ಸೆ ನಡೆಯಿತು. ಫ್ರಾನ್ಸಿನಲ್ಲಿ ಈ ವಿಧಾನಕ್ಕೆ ಕ್ಯೂರಿ ಚಿಕಿತ್ಸೆ ಎಂಬ ಹೆಸರೇ ನಿಂತಿತು.

ರೇಡಿಯಂ ತೆಗೆಯುವ ವಿಧಾನಕ್ಕೆ ಏಕಸ್ವಾಮ್ಯದ ಹಕ್ಕನ್ನು ಪಡೆದಿದ್ದರೆ ಆ ದಂಪತಿಗಳು ಕುಬೇರರಾಗಬಹುದಾಗಿತ್ತು. ರೋಗಿಗಳಿಗೆ ಉಪಯೋಗವಾಗುವ ವಸ್ತುವಿನಿಂದ ಲಾಭ ಪಡೆಯುವುದು ವಿಜ್ಞಾನದ ಧರ್ಮಕ್ಕೆ ಸಲ್ಲದೆಂದು ಅವರು ನಿರ್ಧರಿಸಿ, ವಿಧಾನವನ್ನೆಲ್ಲ ಬಿಚ್ಚಿ ಪ್ರಕಟಿಸಿದರು. 1903ರಲ್ಲಿ ಬೆಕೆರೆಲ್ಲರೊಡನೆ ಇವರಿಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಒಂಟಿ ಪಯಣ

ಸುಖ ಹೆಚ್ಚು ಕಾಲ ನಿಲ್ಲಲಿಲ್ಲ. 1906ರ ಏಪ್ರಿಲ್ 19ರಂದು ಮಳೆಯಲ್ಲಿ ಬೀದಿ ದಾಟುತ್ತಿದ್ದ ಪಿಯರರು ಕುದುರೆಬಂಡಿಯ ಗಾಲಿಗೆ ಸಿಕ್ಕಿ ಕೂಡಲೇ ಅಸುನೀಗಿದರು. ಮೂವತ್ತೆಂಟರ ಮಾರೀ, ಎಂಟು ವರ್ಷದ ಐರೀನ್ ಮತ್ತು ಎರಡು ತುಂಬದ ಈವ್ ಎಂಬ ಹೆಣ್ಣುಮಕ್ಕಳೊಡನೆ ಉಳಿದರು. ಸರಕಾರ ನೀಡಬಂದ ವಿಶ್ರಾಂತಿವೇತನವನ್ನು ಅವರು ಒಲ್ಲೆನೆಂದರು. ಪತಿಯ ಪೀಠವನ್ನು ವಿದ್ಯಾಪೀಠವು ಅವರಿಗೇ ವಹಿಸಿತು. ಅದೇ ವರ್ಷದ ನವೆಂಬರಿನಲ್ಲಿ ಅವರು ತಮ್ಮ ಮೊದಲ ಉಪನ್ಯಾಸವನ್ನು, ಪಿಯರರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಎತ್ತಿಕೊಂಡರು. ಸೋರ್ಬೋನಿನಲ್ಲಿ ಪಾಠ ಹೇಳಿದ ಮೊದಲ ಮಹಿಳೆ ಅವರೇ.

1911ರ ಆರಂಭದಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವರಿಗೆ ಸದಸ್ಯತ್ವವನ್ನು ನಿರಾಕರಿಸಿತು. ಅದೇ ವರ್ಷ ಅವರ ಖಾಸಗಿ ಜೀವನವನ್ನು ಬೀದಿಗೆಳೆದು ಪತ್ರಿಕೆಗಳು ನಿಂದಿಸಿದವು, ಹೊರನಾಡಿನವಳೆಂದು ಹಂಗಿಸಿದವು. ಬೇರೆ ನಾಡಿನಲ್ಲಿ ಬದುಕು ಕಟ್ಟಿಕೊಂಡವರಿಗೆ ಈ ಹಂಗಿನ ಮಾತು ಎಷ್ಟು ಚುಚ್ಚುತ್ತದೆಂಬುದನ್ನು ನಾವು ಬಲ್ಲೆವು. ವರ್ಷದ ಕೊನೆಗೆ ಸ್ವೀಡನ್ನು ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಅವರೊಬ್ಬರಿಗೇ ನೀಡಿ ಉತ್ತರವಿತ್ತಿತು.

1914ರಲ್ಲಿ ಪ್ಯಾರಿಸಿನ ರೇಡಿಯಂ ಸಂಸ್ಥೆಯ ಕಟ್ಟಡ ಮುಗಿಯುವುದಕ್ಕೂ ಮಹಾಯುದ್ಧ ಹೊತ್ತಿಕೊಳ್ಳುವುದಕ್ಕೂ ಸರಿಹೋಯಿತು. ಗಾಯಾಳುಗಳ ಮೈಯೊಳಗೆ ಹೊಕ್ಕ ಗುಂಡು ಎಲ್ಲಿದೆಯೆಂದು ತಿಳಿಯದೆ ಶಸ್ತ್ರವೈದ್ಯರು ತಡಕಾಡುತ್ತಿದ್ದರು. ಸಿಡಿಗುಂಡಿನ ಚೂರು ಒಳಗೇ ಉಳಿದರೆ, ಅದರೊಡನೆ ಹೊಕ್ಕ ಮಣ್ಣೂ ಬಟ್ಟೆಯ ಎಳೆಯೂ ಕೀವಾಗಿ, ಗಾಯ ಕೊಳೆತು, ಸೈನಿಕ ಸಾಯುತ್ತಿದ್ದ. ರಾಸಾಯನಿಕ ನಂಜುನಿರೋಧಕಗಳ ಹೊರತು ಬೇರೆ ಆಸರೆಯಿಲ್ಲದ ಕಾಲ. ಪೆನಿಸಿಲಿನ್ನು ಇನ್ನೂ ಹುಟ್ಟಿರಲಿಲ್ಲ. ಮೇಡಂ ಕ್ಯೂರಿ ಮೋಟಾರುಗಳಲ್ಲಿ ಕ್ಷ-ಕಿರಣ ಯಂತ್ರಗಳನ್ನು ಹೂಡಿಸಿ ಯುದ್ಧರಂಗಕ್ಕೆ ನಡೆದರು. ಇಂಥ ಇಪ್ಪತ್ತು ಬಂಡಿಗಳು, ಆಸ್ಪತ್ರೆಗಳಲ್ಲಿ ಇನ್ನೂರು ಕ್ಷ-ಕಿರಣ ಕೋಣೆಗಳು ಅವರ ದುಡಿಮೆಯಿಂದ ಸಿದ್ಧವಾದವು. ಹದಿಹರೆಯದ ಮಗಳು ಐರೀನಳೂ ಜೊತೆಗಿದ್ದಳು. ನೂರೈವತ್ತರಷ್ಟು ಮಹಿಳೆಯರಿಗೆ ಅವರು ಈ ಕೆಲಸವನ್ನು ಕಲಿಸಿದರು. ರೇಡಿಯಮ್ಮಿನಿಂದ ಹೊರಡುವ ಅನಿಲವನ್ನು ಗಾಜಿನ ಸೂಕ್ಷ್ಮ ನಳಿಗೆಗಳಲ್ಲಿ ತುಂಬಿ, ಗಾಯದ ಕಲೆಗಟ್ಟಿ ಬಿಗಿದ ಚರ್ಮದ ಚಿಕಿತ್ಸೆಗಾಗಿ ಆಸ್ಪತ್ರೆಗಳಿಗೆ ಕಳಿಸಿದರು. ಯಂತ್ರದ ಮುಂದೆ ಕಳೆದ ಆ ವರ್ಷಗಳಲ್ಲಿ ಅವರ ಮೈ ಇನ್ನಷ್ಟು ಕಿರಣಗಳನ್ನು ಕುಡಿಯಿತು.

ಪ್ರತಿದಿನವೂ ಏಕೆ?

ಯುದ್ಧ ಮುಗಿದ ಮೇಲೆ ರೇಡಿಯಂ ಸಂಸ್ಥೆಯಲ್ಲಿ ಎರಡು ವಿಭಾಗಗಳು ಅಕ್ಕಪಕ್ಕದಲ್ಲಿ ಬೆಳೆದವು. ಭೌತ ಮತ್ತು ರಸಾಯನ ವಿಭಾಗ ಮೇಡಂ ಕ್ಯೂರಿಯವರದು. ಜೀವಶಾಸ್ತ್ರ ಮತ್ತು ವೈದ್ಯ ವಿಭಾಗ ಡಾಕ್ಟರ್ ಕ್ಲೋಡಿಯಸ್ ರೆಗೊ ಅವರದು. ಆಗಿನ ವೈದ್ಯರ ಎದುರಿಗಿದ್ದ ದೊಡ್ಡ ತೊಡಕು ಚರ್ಮದ್ದೇ. ಒಳಗಿನ ಗಂಟನ್ನು ಕೊಲ್ಲುವಷ್ಟು ಕಿರಣವನ್ನು ಒಂದೇ ಸಲಕ್ಕೆ ಹಾಯಿಸಿದರೆ ಮೇಲಿನ ಚರ್ಮ ಸುಟ್ಟು, ಮಾಯದ ಹುಣ್ಣಾಗಿ, ನಂಜೇರುತ್ತಿತ್ತು. ಚರ್ಮಕ್ಕಂಜಿ ಕಿರಣವನ್ನು ಕಡಿಮೆ ಮಾಡಿದರೆ ಗಂಟು ಉಳಿಯುತ್ತಿತ್ತು.

ರೆಗೊ ಅವರು ಟಗರುಗಳ ಬೀಜಗಳ ಮೇಲೆ ಪ್ರಯೋಗ ನಡೆಸಿದರು. ಒಂದೇ ಸಲಕ್ಕೆ ಕಿರಣ ಹಾಯಿಸಿ ಟಗರನ್ನು ಬಂಜೆಯಾಗಿಸಹೋದರೆ ಮೇಲಿನ ಚರ್ಮ ಕೆಟ್ಟು ಹೋಗುತ್ತಿತ್ತು. ಅದೇ ಕಿರಣವನ್ನು ಪಾಲು ಮಾಡಿ, ನಡುವೆ ದಿನಗಳ ಬಿಡುವಿತ್ತು ಕೊಟ್ಟರೆ ಉದ್ದೇಶವೂ ಸಾಧಿಸಿತು, ಚರ್ಮವೂ ಉಳಿಯಿತು. ಎಡೆಬಿಡದೆ ಒಡೆಯುವ ಬೀಜಕೋಶಗಳನ್ನು ಅವರು ಕ್ಯಾನ್ಸರಿನ ಕೋಶಗಳಿಗೆ ಹೋಲಿಸಿ ನೋಡಿದ್ದರು. ಬಿಡುವಿನಲ್ಲಿ ಆರೋಗ್ಯವಂತ ಕೋಶಗಳು ತಮ್ಮ ಗಾಯವನ್ನು ತಾವೇ ರಿಪೇರಿ ಮಾಡಿಕೊಳ್ಳಬಲ್ಲವು. ಕ್ಯಾನ್ಸರಿನ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ. 1920ರ ದಶಕದಲ್ಲಿ ಅದೇ ಸಂಸ್ಥೆಯ ಆನ್ರಿ ಕೂತಾರ್ ಅವರು ಗಂಟಲಿನ ಕ್ಯಾನ್ಸರಿಗೆ ಈ ಕ್ರಮವನ್ನು ಅನುಸರಿಸಿ ರೋಗಿಗಳನ್ನು ಬದುಕಿಸಿದರು.

ಪರೇಲಿಗೆ ದಿನವೂ ಹೋಗಿ ಬರಬೇಕೇಕೆ, ಒಂದೇ ದಿನ ಮುಗಿಸಬಾರದೇ ಎಂದು ಬಾಡಿಗೆ ಖೋಲಿಯಲ್ಲಿ ಕುಳಿತು ಬೇಸರಪಡುವ ನಂಟರಿಗೆ ಉತ್ತರ ಇಲ್ಲಿದೆ. ವಾರಕ್ಕೆ ಐದು ದಿನ, ಹಲವು ವಾರ ಎಂಬ ಆ ಲೆಕ್ಕ ಆರೋಗ್ಯವಂತ ಅಂಗಾಂಶಗಳನ್ನೂ ಚರ್ಮವನ್ನೂ ಉಳಿಸುವ ಲೆಕ್ಕ. ನಡುವೆ ಕೆಲವು ದಿನ ತಪ್ಪಿಸಿದರೆ ಆ ಬಿಡುವಿನಲ್ಲಿ ಕ್ಯಾನ್ಸರಿಗೂ ಚೇತರಿಸಿಕೊಳ್ಳಲು ಅವಕಾಶ ಕೊಟ್ಟಂತಾಗುತ್ತದೆ.

ಅಂದಿನಿಂದ ಯಂತ್ರಗಳು ಬಹಳ ಬದಲಾಗಿವೆ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರದಿಂದ ಚಿಕಿತ್ಸೆ ಆರಂಭವಾಯಿತು. ಆ ಬಳಿಕ ಲೀನಿಯರ್ ಆಕ್ಸಿಲರೇಟರುಗಳು ಬಂದವು. ಇವುಗಳ ಬಲವಾದ ಕಿರಣ ತನ್ನ ಪೂರ್ಣ ಶಕ್ತಿಯನ್ನು ಚರ್ಮದ ಮೇಲಲ್ಲ, ಅದರ ಕೆಳಗಿನ ಆಳದಲ್ಲಿ ಇಳಿಸುತ್ತದೆ. ಸ್ತನದ ಕ್ಯಾನ್ಸರಿಗೆ ಹಿಂದೆ ಐದು ವಾರಗಳಲ್ಲಿ 25 ಬಾರಿ ಕೊಡುತ್ತಿದ್ದ ಚಿಕಿತ್ಸೆ ಇಂದು ಅನೇಕರಿಗೆ ಮೂರು ವಾರಗಳಲ್ಲಿ 15 ಬಾರಿಗೆ ಮುಗಿಯುತ್ತದೆ. ಆದರೂ ಚರ್ಮ ನೋಯುವುದು ಪೂರ್ತಿ ತಪ್ಪಿಲ್ಲ.

ಬೇಲಿ ಮುರಿದ ಹೊಲ

ಚರ್ಮವೆಂಬುದು ಮೈಗೆ ಕಟ್ಟಿದ ಬೇಲಿ. ಕಿರಣದಿಂದ ಅದು ಒಣಗಿ ಸಿಪ್ಪೆಯೆದ್ದಾಗ ಬೇಲಿ ಸಡಿಲವಾಗುತ್ತದೆ. ಒಡೆದು ನೀರೊಸರಿದಾಗ ಮುರಿದೇ ಬೀಳುತ್ತದೆ. ಕಂಕುಳು, ಸ್ತನದ ಅಡಿ, ಕುತ್ತಿಗೆಯ ಮಡಿಕೆ, ತೊಡೆಯ ಸಂದು ಇಂಥ ಕಡೆ ಬೆವರೂ ಉಜ್ಜಾಟವೂ ಸೇರಿ ಬೇಗ ಹೀಗಾಗುತ್ತದೆ. ನಮ್ಮ ಮೂಗಿನಲ್ಲಿಯೂ ಚರ್ಮದ ಮೇಲೂ ತೆಪ್ಪಗೆ ಬಾಳುವ ಸ್ಟೆಫಿಲೋಕಾಕಸ್ ಎಂಬ ರೋಗಾಣು ಮುರಿದ ಬೇಲಿಯಿಂದ ಒಳನುಗ್ಗುತ್ತದೆ. ಒದ್ದೆಯ ಮಡಿಕೆಗಳಲ್ಲಿ ಬೂಷ್ಟಿನ ಸೋಂಕೂ ತಗಲುತ್ತದೆ. ಜೊತೆಗೆ ಕ್ಯಾನ್ಸರಿನ ಔಷಧಗಳಿಂದ ಬಿಳಿಯ ರಕ್ತಕಣಗಳು ಕುಗ್ಗಿದ್ದರೆ ಕಾವಲುಗಾರನೂ ಇಲ್ಲದಂತಾಗುತ್ತದೆ. ಆಗ ಸಣ್ಣ ಹುಣ್ಣಿನಿಂದಲೇ ನಂಜು ರಕ್ತಕ್ಕೇರುವ ಅಪಾಯವಿದೆ.

ಈ ರೋಗಾಣುವಿಗೂ ಕಿರಣದ ಹುಣ್ಣಿಗೂ ಇರುವ ನಂಟು ಇತ್ತೀಚೆಗೆ ಇನ್ನೂ ಸ್ಪಷ್ಟವಾಗಿದೆ. 2023ರಲ್ಲಿ ನ್ಯೂಯಾರ್ಕಿನ ವೈದ್ಯರು, ಬಹುತೇಕ ಸ್ತನದ ಕ್ಯಾನ್ಸರಿನವರಾದ 77 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅರ್ಧದಷ್ಟು ಮಂದಿಗೆ ಕಿರಣ ಚಿಕಿತ್ಸೆಯ ಕಾಲದಲ್ಲಿ ಮೂಗಿಗೆ ಜೀವಿರೋಧಕ ಮುಲಾಮನ್ನೂ ಸ್ನಾನಕ್ಕೆ ಕ್ರಿಮಿನಾಶಕ ದ್ರಾವಣವನ್ನೂ ಕೊಟ್ಟರು. ಉಳಿದವರಿಗೆ ಎಂದಿನ ಆರೈಕೆ. ಎಂದಿನ ಆರೈಕೆಯವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಚರ್ಮ ಒಡೆದು ನೀರೊಸರಿತು. ಔಷಧ ಪಡೆದವರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಇದು ಚಿಕ್ಕ ಪರೀಕ್ಷೆ. ಎಲ್ಲರಿಗೂ ಇದೇ ಸರಿಯೆಂದು ಇದೊಂದರಿಂದ ಹೇಳಲಾಗದು, ವೈದ್ಯರನ್ನು ಕೇಳದೆ ಯಾರೂ ಅನುಸರಿಸಲೂ ಬಾರದು. ಆದರೆ ಚರ್ಮದ ಶುಚಿತ್ವ ಕ್ಷುಲ್ಲಕ ವಿಷಯವಲ್ಲವೆಂಬುದನ್ನು ಇದು ತೋರಿಸಿಕೊಟ್ಟಿದೆ.

ಮನೆಯವರು ಮಾಡಬೇಕಾದುದು ಕಷ್ಟದ ಕೆಲಸವೇನೂ ಅಲ್ಲ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು. ಉಜ್ಜದೆ ಮೆತ್ತಗೆ ಒತ್ತಿ ಒರಸುವುದು. ಸಡಿಲವಾದ ಹತ್ತಿಯ ಬಟ್ಟೆ. ವೈದ್ಯರು ಮೈಮೇಲೆ ಹಾಕಿದ ಗುರುತನ್ನು ಅಳಿಸದಿರುವುದು. ಬಿಸಿ ಶಾಖವೂ ಬೇಡ, ಮಂಜುಗಡ್ಡೆಯೂ ಬೇಡ. ಬಿಸಿಲಿಗೆ ಒಡ್ಡಬಾರದು, ಅಲ್ಲಿ ಕ್ಷೌರದ ಅಲಗನ್ನು ತಾಗಿಸಬಾರದು. ಅರಿಶಿನ, ಬೂದಿ, ಸೊಪ್ಪಿನ ರಸ, ನಾಟಿ ಎಣ್ಣೆ ಇವುಗಳನ್ನು ಒಡೆದ ಚರ್ಮಕ್ಕೆ ಮೆತ್ತುವ ಮಮತೆಯನ್ನು ದಯವಿಟ್ಟು ತಡೆಹಿಡಿಯಬೇಕು. ನೀರೊಸರಿದರೆ, ಕೀವು ಅಥವಾ ದುರ್ವಾಸನೆ ಕಂಡರೆ, ಕೆಂಪು ಹಬ್ಬುತ್ತಿದ್ದರೆ, ಮೈ ಕಾದರೆ ಮುಂದಿನ ಸರದಿಯವರೆಗೆ ಕಾಯದೆ ಅಂದೇ ತೋರಿಸಬೇಕು. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಚರ್ಮ ಇನ್ನಷ್ಟು ಕೆರಳುವುದುಂಟು. ಆಮೇಲೆ ಮೆಲ್ಲಗೆ ಮಾಯುತ್ತದೆ. ಇನ್ನೊಂದು ಮಾತು. ಹೊರಗಿನ ಯಂತ್ರದಿಂದ ಕಿರಣ ಪಡೆದ ರೋಗಿಯ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಆತನ ತಟ್ಟೆ ಲೋಟ ಬೇರೆ ಮಾಡಬೇಕಾಗಿಲ್ಲ. ಮೊಮ್ಮಗುವನ್ನು ಆತನ ತೊಡೆಯಿಂದ ಎಳೆದುಕೊಳ್ಳಬೇಕಾಗಿಲ್ಲ.

ಒಪ್ಪಿಕೊಳ್ಳದ ಸತ್ಯ

ಇಷ್ಟೆಲ್ಲ ಜ್ಞಾನಕ್ಕೆ ಮೂಲಳಾದ ಆ ತಾಯಿ ತನ್ನ ಮೈಯನ್ನು ಮಾತ್ರ ಕಾಯ್ದುಕೊಳ್ಳಲಿಲ್ಲ. 1921ರಲ್ಲಿ ಅಮೆರಿಕದ ಮಹಿಳೆಯರು ಚಂದಾ ಎತ್ತಿ, ಒಂದು ಲಕ್ಷ ಡಾಲರು ಬೆಲೆಯ ಒಂದು ಗ್ರಾಂ ರೇಡಿಯಮ್ಮನ್ನು ಅಧ್ಯಕ್ಷ ಹಾರ್ಡಿಂಗರ ಕೈಯಿಂದ ಅವರಿಗೆ ಕೊಡಿಸಿದರು. ಆ ಪ್ರವಾಸದಲ್ಲಿ ಜನ ಕೈಕುಲುಕಿದ ರಭಸಕ್ಕೆ ಅವರ ಕೈಯನ್ನು ಜೋಳಿಗೆಕಟ್ಟಿನಲ್ಲಿ ಹಾಕಬೇಕಾಯಿತು. ಕಣ್ಣಿಗೆ ಪೊರೆ ಬಂದಾಗ, ಸುದ್ದಿ ಹಬ್ಬೀತೆಂದು ಬೇರೆ ಹೆಸರಿನಲ್ಲಿ ಆಸ್ಪತ್ರೆಗೆ ಸೇರಿ ಶಸ್ತ್ರಕ್ರಿಯೆ ಮಾಡಿಸಿಕೊಂಡರು. 1925ರಲ್ಲಿ ಫ್ರಾನ್ಸಿನಲ್ಲಿ ವಿಕಿರಣ ವಸ್ತುಗಳೊಡನೆ ದುಡಿಯುತ್ತಿದ್ದ ಇಬ್ಬರು ಇಂಜಿನಿಯರರು ಅದರ ವಿಷದಿಂದಲೇ ತೀರಿಕೊಂಡರು. ತಮ್ಮ ಪ್ರಯೋಗಾಲಯದಲ್ಲಿ ಚಿಮಟ, ಸೀಸದ ತಡಿಕೆ, ಕಾಲಕಾಲಕ್ಕೆ ರಕ್ತಪರೀಕ್ಷೆ ಎಂಬ ನಿಯಮಗಳನ್ನು ಅವರು ಜಾರಿಗೆ ತಂದರು. ಆದರೆ ಅವುಗಳನ್ನು ಮೊದಲು ಮುರಿಯುತ್ತಿದ್ದವರೂ ಅವರೇ. ತನ್ನ ಕೂಸಿನಂತೆ ಬೆಳೆಸಿದ ವಸ್ತು ತನ್ನನ್ನೇ ಕೊಲ್ಲುತ್ತಿದೆಯೆಂದು ನಂಬಲು ಅವರ ಮನಸ್ಸು ಒಪ್ಪಲಿಲ್ಲ. ಮಹಾತ್ಮರಲ್ಲಿಯೂ ಇಂಥ ದೌರ್ಬಲ್ಯವಿರುತ್ತದೆಂದು ಹೇಳುವುದರಿಂದ ಅವರ ಹಿರಿಮೆಗೆ ಕುಂದಿಲ್ಲವೆಂದು ನಮ್ಮ ಭಾವನೆ.

1932ರಲ್ಲಿ ವಾರ್ಸಾದಲ್ಲಿ ರೇಡಿಯಂ ಸಂಸ್ಥೆ ಬಾಗಿಲು ತೆರೆಯಿತು. ಅಮೆರಿಕದ ಜನರು ಕೊಟ್ಟ ಎರಡನೆಯ ಕಾಣಿಕೆಯನ್ನು ಮೇಡಂ ಕ್ಯೂರಿ ತಾಯ್ನಾಡಿನ ಈ ಸಂಸ್ಥೆಗೆ ಒಪ್ಪಿಸಿದರು. ಅದರ ಮೇಲ್ವಿಚಾರಣೆಗೆ ನಿಂತವರು, ಒಂದು ಕಾಲಕ್ಕೆ ತಂಗಿಯ ದುಡಿಮೆಯಿಂದ ವೈದ್ಯವಿದ್ಯೆ ಕಲಿತ ಅಕ್ಕ ಬ್ರೋನಿಯಾ. ಅಕ್ಕತಂಗಿಯರ ಹಳೆಯ ಒಪ್ಪಂದ ಹೀಗೆ ಫಲಿಸಿ ರೋಗಿಗಳ ಪಾಲಾಯಿತು.

1934ರ ಜುಲೈ 4ರಂದು, ಆಲ್ಪ್ಸ್ ಪರ್ವತದ ಮಡಿಲಿನ ಆರೋಗ್ಯಧಾಮವೊಂದರಲ್ಲಿ ಮೇಡಂ ಕ್ಯೂರಿ ಕಣ್ಮುಚ್ಚಿದರು. ಮೂಳೆಯ ನೆಣ ಬತ್ತಿ ರಕ್ತ ಹುಟ್ಟದಾಗಿತ್ತು. ಕಿರಣಗಳಿಗೆ ದೀರ್ಘಕಾಲ ಮೈಯೊಡ್ಡಿದುದೇ ಕಾರಣವೆಂದು ವೈದ್ಯರು ತಿಳಿದರು. ಮಗಳು ಐರೀನ್ ಮರುವರ್ಷ ಪತಿಯೊಡನೆ ನೊಬೆಲ್ ಪಾರಿತೋಷಕ ಪಡೆದು, 1956ರಲ್ಲಿ ರಕ್ತದ ಕ್ಯಾನ್ಸರಿನಿಂದ ತಾಯಿಯ ಹಾದಿ ಹಿಡಿದರು. 1995ರಲ್ಲಿ ಕ್ಯೂರಿ ದಂಪತಿಗಳ ಅಸ್ಥಿಗಳನ್ನು ಫ್ರಾನ್ಸಿನ ಮಹಾಪುರುಷರ ಸ್ಮಾರಕವಾದ ಪಾಂಥಿಯೋನಿಗೆ ತಂದಿರಿಸಲಾಯಿತು. ಅವರ ಕೈಬರಹದ ಪುಸ್ತಕಗಳಿಂದ ಇಂದಿಗೂ ಕಿರಣಗಳು ಹೊಮ್ಮುತ್ತಿವೆ. ರೇಡಿಯಮ್ಮಿನ ಶಕ್ತಿ ಅರ್ಧಕ್ಕಿಳಿಯಲು 1600 ವರ್ಷಗಳು ಬೇಕು.

ನಮ್ಮ ಪರೇಲಿನ ಆಸ್ಪತ್ರೆಯೂ ಒಂದು ನೋವಿನಿಂದಲೇ ಹುಟ್ಟಿದುದು. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹೆರ್‌ಬಾಯಿಯವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆ ದುಃಖದ ಬೀಜ 1941ರಲ್ಲಿ ಆಸ್ಪತ್ರೆಯಾಗಿ ಮೊಳೆಯಿತು. ಇಂದು ಅಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ಕಿರಣದ ಕೆಳಗೆ ಮಲಗುವ ನಮ್ಮವರಲ್ಲಿ ಅನೇಕರು ಮೇಡಂ ಕ್ಯೂರಿಯ ಹೆಸರನ್ನೂ ಕೇಳಿರಲಿಕ್ಕಿಲ್ಲ. ಅವರ ಚರ್ಮ ಕೆಂಪೇರಿದಾಗ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬಾತ ತನ್ನ ತೋಳನ್ನೂ ಒಬ್ಬಾಕೆ ತನ್ನ ಬೆರಳುಗಳನ್ನೂ ಒಡ್ಡಿ ಈ ಗಾಯದ ದಿನಗಳನ್ನು ನಮಗಾಗಿ ಎಣಿಸಿಟ್ಟರೆಂಬ ಕಥೆಯನ್ನು ಮನೆಯವರು ಹೇಳಲಿ. ಗಾಯ ಮಾಯುವುದೆಂಬ ಧೈರ್ಯವನ್ನೂ, ಮಾಯುವವರೆಗೆ ಅದನ್ನು ಶುಚಿಯಾಗಿ ಕಾಯುವ ಹೊಣೆಯನ್ನೂ ಆ ಕಥೆ ಕೊಡುತ್ತದೆ. ನಾಳೆಯ ಸರದಿಯನ್ನು ತಪ್ಪಿಸದೆ ಅವರು ಪರೇಲಿನ ರೈಲು ಹತ್ತಿದರೆ, ಆ ಬೆಂದ ಬೆರಳುಗಳ ಋಣವನ್ನು ನಾವು ತಕ್ಕಮಟ್ಟಿಗೆ ತೀರಿಸಿದಂತೆಯೇ ಸರಿ.